ಹುಳಿತೇಗಿನ ದಿನಚರಿ

ಎದೆಯುರಿಯಲ್ಲಿ ಉರಿಯುವುದು ಎದೆ, ಉರಿಸುವುದು ಹೊಟ್ಟೆ. ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಅದರ ಕೆಳತುದಿಯಲ್ಲಿ ಸ್ನಾಯುವಿನ ಬಳೆಯೊಂದು ಬಾಗಿಲು ಕಾಯುತ್ತದೆ. ತುತ್ತು ಬಂದಾಗ ತೆರೆಯುವುದು, ಕೂಡಲೇ ಮುಚ್ಚುವುದು, ಇಷ್ಟೇ ಅದರ ಉದ್ಯೋಗ. ಹೊತ್ತಲ್ಲದ ಹೊತ್ತಿನಲ್ಲಿ ಅದು ಸಡಿಲಗೊಂಡರೆ ಆಮ್ಲ ಮೇಲೇರುತ್ತದೆ. ಜಠರಕ್ಕಿರುವ ದಪ್ಪ ಲೋಳೆಯ ರಕ್ಷಣೆ ಅನ್ನನಾಳಕ್ಕಿಲ್ಲ.

ಈ ಕಾವಲನ್ನು ಕೆಡಿಸುವ ಕಲೆಯಲ್ಲಿ ಯಾವ ಊರೂ ಹಿಂದುಳಿದಿಲ್ಲ, ತಮಿಳುನಾಡಿನ ಉಡುಮಲೈಪೇಟೆಯೂ ಅಷ್ಟೆ. 2009ರಲ್ಲಿ ಊರು ಕೊಯಮತ್ತೂರು ಜಿಲ್ಲೆಯಿಂದ ತಿರುಪ್ಪೂರು ಜಿಲ್ಲೆಗೆ ಸೇರಿತು. ಟಿಫಿನ್ ಮಾತ್ರ ಇದ್ದಲ್ಲೇ ಉಳಿಯಿತು. ಬೆಳಗ್ಗೆ ಖಾಲಿ ಹೊಟ್ಟೆಗೆ ಡಿಕಾಕ್ಷನ್ ಕಾಫಿ, ಅದರ ಹಿಂದೆಯೇ ವಡೆ. ಕಾಫಿ ಎಲ್ಲರನ್ನೂ ಕಾಡುವುದಿಲ್ಲ; ಕಾಡಿಸಿಕೊಳ್ಳುವವರು ಅದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೆ ತಪ್ಪು ಹೊರಿಸುತ್ತಾರೆ. ಎಣ್ಣೆಯ ತಿಂಡಿ ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಸಂಜೆಯ ಬಜ್ಜಿ ತಲುಪುವ ವೇಳೆಗೆ ಮಧ್ಯಾಹ್ನದ ಊಟ ಇನ್ನೂ ಜಾಗ ಖಾಲಿ ಮಾಡಿರುವುದಿಲ್ಲ.

ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತವರು ಮುಂದಕ್ಕೆ ಬಾಗಲೇಬೇಕು. ಉಂಡ ಕೂಡಲೇ ಹಾಗೆ ಬಾಗಿದರೆ ಹೊಟ್ಟೆ ಅದುಮಿ ಒತ್ತಡ ಏರುತ್ತದೆ: ಲಾಳಿ ಅಡ್ಡಡ್ಡ ಓಡಿದರೆ ಆಮ್ಲ ಉದ್ದುದ್ದ ಓಡುತ್ತದೆ. ಮಗ್ಗವಿಲ್ಲದವರಿಗೆ ಬಿಗಿ ಬೆಲ್ಟು ಅದೇ ಸೇವೆ ಒದಗಿಸುತ್ತದೆ. ಬೆಳೆದ ಬೊಜ್ಜು ಬೆಲ್ಟಿಲ್ಲದೆಯೂ ಒದಗಿಸುತ್ತದೆ. ಬೀಡಿ, ಸಿಗರೇಟು, ಮದ್ಯ ಸ್ನಾಯುವಿನ ಬಳೆಯನ್ನೇ ಸಡಿಲಿಸುತ್ತವೆ.

ರಾತ್ರಿಯದು ಮುಖ್ಯ ಅಧ್ಯಾಯ. ತಡವಾಗಿ ಪರೋಟ, ಮೇಲೆ ಸಾಲ್ನಾ ಎಂಬ ಮಸಾಲೆ ಸಾರು, ಅದರ ಬೆನ್ನಿಗೆ ಹಾಸಿಗೆ. ನಿಂತಾಗ ಆಮ್ಲವನ್ನು ಕೆಳಗೆಳೆಯುತ್ತಿದ್ದ ಗುರುತ್ವಾಕರ್ಷಣೆ ಮಲಗಿದವರ ನೆರವಿಗೆ ಬರುವುದಿಲ್ಲ. ಆಗ ಗೋಲಿಸೋಡದ ಮೊರೆ ಹೋಗುವುದು ವಾಡಿಕೆ. ತೇಗೇನೋ ಬರುತ್ತದೆ, ಆದರೆ ಅನಿಲದಿಂದ ಹೊಟ್ಟೆ ಉಬ್ಬಿ ಹುಳಿಯೂ ಜೊತೆಗೇ ಬರಬಹುದು. ಪೆಪ್ಪರ್‌ಮಿಂಟು ಬಾಯಿಗೆ ತಂಪು, ಕಾವಲಿನ ಬಳೆಗೆ ನಿದ್ದೆ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಬಾಗಿ, ಹೊಟ್ಟೆ ಮಡಿಚಿಕೊಳ್ಳುತ್ತದೆ.

ಪರಿಹಾರಗಳಲ್ಲಿ ರೋಚಕವಾದದ್ದೇನೂ ಇಲ್ಲ. ಸ್ವಲ್ಪ ಸ್ವಲ್ಪವೇ ಉಣ್ಣುವುದು, ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿಡುವುದು, ಮಂಚದ ತಲೆಭಾಗವನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು, ಎಡಮಗ್ಗುಲಿಗೆ ಮಲಗುವುದು. ವಾರಕ್ಕೆರಡು ಸಲ ಉರಿ ಬಂದರೆ ವೈದ್ಯರನ್ನು ಕಾಣಬೇಕು. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡಬಾರದು. ಎದೆನೋವಿನೊಂದಿಗೆ ಬೆವರು, ಉಬ್ಬಸ, ತೋಳುನೋವು ಬಂದರೆ ಅದನ್ನು ಪರೋಟದ ಲೆಕ್ಕಕ್ಕೆ ಬರೆಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.