ಚಂದ್ರನಿಗೆ ಹೋಗಿ ಬರಲು ಹದಿನೈದು ದಿನ

"ಮಗನಿಗಾ ಸಾರ್?" ಎಂದು ಗ್ರಂಥಾಲಯದವರು ಕೇಳಿದಾಗ ಹೂಂಗುಟ್ಟಿದೆ. ಮಗ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂಬ ವಿವರ ಅವರಿಗೇಕೆ? ನನ್ನ ಕೈಯಲ್ಲಿದ್ದದ್ದು ಟಿನ್‌ಟಿನ್‌ನ ಚಂದ್ರಯಾನದ ಕಾಮಿಕ್ಸ್, ಎರಡೂ ಭಾಗ ಒಟ್ಟಿಗೆ.

ಬೆಲ್ಜಿಯಂನ ಎರ್ಜೆ ಇದನ್ನು ಪುಸ್ತಕವಾಗಿ ತಂದದ್ದು 1953-54ರಲ್ಲಿ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಂದರೆ ಟಿನ್‌ಟಿನ್ ಹದಿನೈದು ವರ್ಷ ಮೊದಲೇ ಹೋಗಿ, ನಾಯಿಗೂ ಬಾಹ್ಯಾಕಾಶದ ಅಂಗಿ ತೊಡಿಸಿ ವಾಕಿಂಗ್ ಮುಗಿಸಿದ್ದ! ರಾಕೆಟ್ಟೋ, ನಮ್ಮಜ್ಜನ ಟವೆಲ್ಲಿನಂತೆ ಕೆಂಪು-ಬಿಳಿ ಚೌಕುಳಿ.

ನನಗೆ ಹತ್ತಿರದವನೆಂದರೆ ಟಿನ್‌ಟಿನ್‌ನ ಗೆಳೆಯ ಕ್ಯಾಪ್ಟನ್ ಹ್ಯಾಡಕ್. ಖಗೋಳಶಾಸ್ತ್ರದ ದಪ್ಪ ಪುಸ್ತಕದ ಹೊಟ್ಟೆ ಕೊರೆದು ಅದರೊಳಗೆ ವಿಸ್ಕಿ ಬಾಟಲಿ ಅಡಗಿಸಿಕೊಂಡು ಹೊರಟ ಮಹಾನುಭಾವ. ನಡುದಾರಿಯಲ್ಲಿ ಎಂಜಿನ್ ನಿಂತು ಎಲ್ಲರೂ ತೇಲತೊಡಗುತ್ತಾರೆ. ಲೋಟದ ವಿಸ್ಕಿ ರವೆ ಉಂಡೆಯಂತೆ ದುಂಡಗಾಗಿ ಗಾಳಿಯಲ್ಲಿ ಹೊರಡುತ್ತದೆ. ಕ್ಯಾಪ್ಟನ್ ಬಾಯಿ ತೆರೆದುಕೊಂಡು ಅದರ ಹಿಂದೆ!

"ಒಲೆ ಮೇಲಿನ ಹಾಲು ನೋಡ್ರೀ ಅಂದಿದ್ದೆ!" ಹೆಂಡತಿಯ ಕೂಗು.

ಹಾಲು ಆಗಲೇ ಕಟ್ಟೆ ದಾಟಿ ನೆಲಕ್ಕಿಳಿದಿತ್ತು. "ಎಲ್ಲಾ ಗುರುತ್ವಾಕರ್ಷಣೆಯ ತಪ್ಪು ಕಣೇ. ಅದಿಲ್ಲದಿದ್ದರೆ ಉಂಡೆಯಾಗಿ ತೇಲ್ತಿತ್ತು, ಹಿಡಿದು ಪಾತ್ರೆಗೆ ಹಾಕಬಹುದಿತ್ತು" ಎಂದೆ. ಅವಳು ಒರೆಸುವ ಬಟ್ಟೆ ಎಸೆದಳು. ಅದು ಮಾತ್ರ ತೇಲದೆ ನೇರ ನನ್ನ ಮುಖಕ್ಕೇ ಬಂತು.

ಪುಸ್ತಕದ ಹದಿನೈದು ದಿನದ ವಾಯಿದೆ ಮುಗಿದು ಮೂರು ದಿನಕ್ಕೆ ಗ್ರಂಥಾಲಯದವರು ಸಿಕ್ಕರು. "ಮಗ ಓದಿ ಮುಗಿಸಿದನಾ ಸಾರ್?"

"ಇಲ್ಲ, ಎರಡನೇ ಸಲ ಹೊರಟಿದ್ದಾನೆ. ದಂಡ ಎಷ್ಟಾಯ್ತು?"