ಸರಾಸರಿಯ ಚೀಲ

ಗ್ರಾಹಕ ಬೆಲೆ ಸೂಚ್ಯಂಕವು ಎಲ್ಲ ಮನೆಗಳ ಪರವಾಗಿ ಒಂದೇ ಚೀಲ ಹಿಡಿದು ಸಂತೆಗೆ ಹೋಗುತ್ತದೆ. 2012ರ ಆಧಾರವರ್ಷದ ಚೀಲದಲ್ಲಿ ಆಹಾರ, ಪಾನೀಯಕ್ಕೆ ಶೇ 45.86 ತೂಕವಿತ್ತು; ಹಳ್ಳಿಯದ್ದನ್ನಷ್ಟೇ ತೂಗಿದರೆ 54.18, ಪೇಟೆಯದ್ದಾದರೆ 36.29.

ಕಡಬದ ಅಡಿಕೆ ತೋಟದ ಯಜಮಾನರ ಮನೆಖರ್ಚು ತಿಂಗಳಿಗೆ 90,000 ರೂಪಾಯಿ, ಊಟಕ್ಕೆ ಅದರ ಶೇ 20 ಎನ್ನೋಣ. ಸುಳ್ಯದ ರಬ್ಬರ್ ಟ್ಯಾಪರ್‌ನದು 10,000. ಊಟಕ್ಕೇ ಶೇ 60. ಕುಚ್ಚಲಕ್ಕಿ, ಬಂಗುಡೆ, ತೆಂಗಿನೆಣ್ಣೆ ಎಲ್ಲವೂ ಶೇ 10 ಏರಿದವು. ಉಳಿದದ್ದು ಇದ್ದಲ್ಲೇ ಇದೆ. ಲೆಕ್ಕಕ್ಕೆ ಈ ಎರಡೇ ಮನೆ ಎನ್ನೋಣ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸೂಚ್ಯಂಕ ಇಬ್ಬರಿಗೂ ಎದುರಾಗುತ್ತದೆ.

ಯಜಮಾನ: ಎಷ್ಟು ಏರಿತು ಮಾರಾಯ?

ಸೂಚ್ಯಂಕ: ಶೇ 2.4.

ಯಜಮಾನ: ಸರಿಯೇ. ನನಗೆ ಎರಡು ಆಗಿದೆ.

ಟ್ಯಾಪರ್: ನನಗೆ ಆರು! ಕೂಡಿಸಿ ಭಾಗಿಸಿದರೆ ನಾಲ್ಕು ಬರಬೇಕಲ್ಲ?

ಸೂಚ್ಯಂಕ: ತಲೆ ಎಣಿಸುವುದು ಚುನಾವಣೆಯಲ್ಲಿ. ನಾನು ರೂಪಾಯಿ ಎಣಿಸುವವ. ಅವರಿಗೆ ತೊಂಬತ್ತು ಸಾವಿರ ಓಟು, ನಿನಗೆ ಹತ್ತು ಸಾವಿರ.

ಅರ್ಥಶಾಸ್ತ್ರದಲ್ಲಿ ಖರ್ಚಿನ ತೂಕದ ಈ ಲೆಕ್ಕಕ್ಕೆ ಧನಿಕಶಾಹಿ ಸೂಚ್ಯಂಕವೆಂದೂ ಮನೆಗೊಂದು ಓಟಿನ ಲೆಕ್ಕಕ್ಕೆ ಪ್ರಜಾಸತ್ತಾತ್ಮಕ ಸೂಚ್ಯಂಕವೆಂದೂ ಹೆಸರು. ಪಾರಿಭಾಷಿಕ ಪದಗಳು ಇಷ್ಟು ಬಾಯಿಬಿಟ್ಟು ಮಾತಾಡುವುದು ಅಪರೂಪ. ಕೃಷಿ ಕಾರ್ಮಿಕರಿಗೆ ಬೇರೆಯೇ ಸೂಚ್ಯಂಕವಿದೆ. ಅದರ ಆಧಾರವರ್ಷ 1986–87ರಲ್ಲೇ ದಶಕಗಳ ಕಾಲ ಕೂತಿತ್ತು. ಚೀಲದಲ್ಲಿ ಮೊಬೈಲ್ ಇಲ್ಲದ ಕಾಲವದು.

ಟ್ಯಾಪರ್: ನನ್ನ ಆರು ಎಲ್ಲಿ ಹೋಯಿತು?

ಸೂಚ್ಯಂಕ: ಎಲ್ಲಿಗೂ ಹೋಗಿಲ್ಲ. 2.4ರೊಳಗೇ ಉಂಟು, ದಶಾಂಶ ಬಿಂದುವಿನ ಆಚೆಗೆ ಹುಡುಕು.