ಹೆಂಡತಿಗೆ ಎಷ್ಟು ಯೂರೊ?

ನಿವೃತ್ತರಾದ ಮೇಲೆ ಮನೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ ಎಂದು ಕೊರಗುವವರು ಒಂದು ಸಲ ಪರದೇಶದ ವೀಸಾ ನಿಯಮಗಳನ್ನು ಓದಬೇಕು. ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ ನಲವತ್ತೊಂಬತ್ತರ ಹುಡುಗರು ಬೇಡವೇ ಬೇಡ, ಐವತ್ತು ತುಂಬಿರಲೇಬೇಕು. ಅಲ್ಲಿಗೆ ಹೋದವರು ಕೆಲಸ ಮಾಡುವಂತೆಯೂ ಇಲ್ಲ. ಕಚೇರಿಯಲ್ಲಿ ಸರ್ವೀಸು ಪೂರ್ತಿ ಅದನ್ನೇ ರೂಢಿ ಮಾಡಿಕೊಂಡ ನಮ್ಮ ನಿವೃತ್ತ ಮಿತ್ರ ರಾಯರಿಗೆ ಇನ್ನೇನು ಬೇಕು ಹೇಳಿ?

ಪಾರ್ಕಿನ ಬೆಂಚಿನಲ್ಲಿ ಈಚೆಗೆ ರಾಯರ ಬಾಯಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರು ಬಿಟ್ಟು ಬೇರೆ ಮಾತಿಲ್ಲ. ಷರತ್ತು ಕೇಳಿದರೆ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. 8 ಲಕ್ಷ ಬಾತ್ ಅಂದರೆ ನಮ್ಮ 20 ಲಕ್ಷ ರೂಪಾಯಿಗೂ ಮೇಲೆ. ಅಲ್ಲದೆ ಪ್ರತಿ 90 ದಿನಕ್ಕೊಮ್ಮೆ ‘ನಾನು ಇಂಥ ವಿಳಾಸದಲ್ಲೇ ಇದ್ದೇನೆ’ ಎಂದು ಅಲ್ಲಿನ ಇಮಿಗ್ರೇಷನ್ ಇಲಾಖೆಗೆ ತಿಳಿಸಬೇಕು. ನವೆಂಬರ್ ಬಂದರೆ ಪಿಂಚಣಿಗಾಗಿ ‘ಬದುಕಿದ್ದೇನೆ’ ಎಂದು ಬರೆದುಕೊಡುವುದಕ್ಕೇ ಗೊಣಗುವವರು ನಮ್ಮ ರಾಯರು.

ಇದೆಲ್ಲ ಒಂಟಿ ಜೀವದ ಲೆಕ್ಕ. ನಿಜವಾದ ತಮಾಷೆ ಶುರುವಾಗುವುದು ಅರ್ಜಿಯಲ್ಲಿ ‘ಅವಲಂಬಿತರು’ ಎಂಬ ಕಾಲಂ ಬಂದಾಗ. ಒಬ್ಬೊಬ್ಬ ಅವಲಂಬಿತರಿಗೂ ಒಂದೊಂದು ದೇಶ ಒಂದೊಂದು ದರ ಕಟ್ಟಿದೆ. ಪೋರ್ಚುಗಲ್ಲಿನ ಡಿ7 ವೀಸಾಕ್ಕೆ ಅರ್ಜಿದಾರನ ತಿಂಗಳ ವರಮಾನ ಅಲ್ಲಿನ ಕನಿಷ್ಠ ವೇತನದಷ್ಟಾದರೂ ಇರಬೇಕು. 2025ರಲ್ಲಿ ಅದು 870 ಯೂರೊ. ಹೆಂಡತಿಗೆ ಅದರ ಮೇಲೆ ಶೇ 50, ಮಗುವಿಗೆ ಶೇ 30. ಅರ್ಧಾಂಗಿ ಎಂಬ ಲೆಕ್ಕವನ್ನು ಅವರಿಗೆ ಯಾವ ಪುರೋಹಿತರು ಹೇಳಿಕೊಟ್ಟರೋ! ಪಕ್ಕದ ಸ್ಪೇನ್ ಅಷ್ಟು ಉದಾರಿಯಲ್ಲ. ಅಲ್ಲಿ ಗಂಡನಿಗೆ ತಿಂಗಳಿಗೆ 2,400 ಯೂರೊ, ಹೆಂಡತಿಗೆ 600. ಅಂದರೆ ಗಡಿ ದಾಟಿದ್ದೇ ಅರ್ಧ ಇದ್ದವಳು ಕಾಲಾದಳು. ಪನಾಮಾದಲ್ಲೂ ಹಾಗೇ: ಪಿಂಚಣಿ 1,000 ಡಾಲರ್, ಅವಲಂಬಿತರು ತಲಾ 250. ಅಲ್ಲಿ ನಿವೃತ್ತರಿಗೆ ಸಿನಿಮಾ ಟಿಕೆಟ್ಟಿನಲ್ಲಿ ಅರ್ಧ ರಿಯಾಯಿತಿ ಬೇರೆ ಉಂಟು, ಆದರೆ ಪಿಂಚಣಿ ಬದುಕಿರುವವರೆಗೂ ಬರುವಂಥದ್ದಾಗಿರಬೇಕು. ಪಿ.ಎಫ್. ಗಂಟು ತೋರಿಸಿದರೆ ನಡೆಯುವುದಿಲ್ಲ.

ಈ ದರಪಟ್ಟಿಯನ್ನು ರಾಯರು ಮನೆಯಲ್ಲಿ ಗಟ್ಟಿಯಾಗಿ ಓದಿದರಂತೆ. “ನಾನು ಹಾಗಾದರೆ ಕಾಲುಭಾಗವೇನ್ರಿ? ಅಡುಗೆಯೂ ಕಾಲುಭಾಗವೇ ಮಾಡ್ತೀನಿ,” ಅಂದರಂತೆ ಶ್ರೀಮತಿಯವರು. ಅಂದು ರಾತ್ರಿ ಸ್ಪೇನ್ ಪಟ್ಟಿಯಿಂದ ಹೋಯಿತು.

ಕುಟುಂಬವತ್ಸಲರಿಗೆ ಹೇಳಿ ಮಾಡಿಸಿದ ದೇಶವೆಂದರೆ ಮಲೇಷ್ಯಾ. ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಯೋಜನೆಯಲ್ಲಿ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಮಾತ್ರವಲ್ಲ, ಅತ್ತೆ ಮಾವಂದಿರನ್ನೂ ಕರೆದೊಯ್ಯಬಹುದು. ಮಕ್ಕಳ ವಿಷಯದಲ್ಲಂತೂ ಅವರ ಔದಾರ್ಯ ದೊಡ್ಡದು: ಮದುವೆಯಾಗಿರಬಾರದು, ಕೆಲಸಕ್ಕೆ ಹೋಗುತ್ತಿರಬಾರದು, ಅಂಥವರನ್ನು 34 ವರ್ಷದವರೆಗೂ ಅವಲಂಬಿತರೆಂದು ಒಪ್ಪುತ್ತಾರೆ. ನೆಂಟರು ಬಂದಾಗ ನಾವು ಒಳಕೋಣೆಗೆ ಅಟ್ಟುವ ಮಗನಿಗೆ ಅಲ್ಲಿ ಸರಕಾರಿ ಮಾನ್ಯತೆ! ರಾಯರ ಮುಖ ಅರಳಿತು. ಅಷ್ಟರಲ್ಲಿ ಒಳಗಿನಿಂದ “ಹಾಗಾದರೆ ನಮ್ಮ ಅಮ್ಮನೂ ಬರಬಹುದು” ಎಂಬ ದನಿ ಕೇಳಿತು. ಅರಳಿದ ಮುಖದ ಗತಿ ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ಅಷ್ಟು ಜನರನ್ನು ಕರೆದೊಯ್ಯಲು ಕೊಡಬೇಕಾದ್ದೂ ಅಷ್ಟೇ ಇದೆ. 2024ರ ನಿಯಮದಂತೆ ಸಿಲ್ವರ್ ಎಂಬ ದರ್ಜೆಗೇ 1,50,000 ಡಾಲರ್ ಠೇವಣಿ, ಅಂದರೆ ಕೋಟಿ ರೂಪಾಯಿಗೂ ಮೇಲೆ. ಜೊತೆಗೆ ಕಡಿಮೆಯೆಂದರೂ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು, ಹತ್ತು ವರ್ಷ ಅದನ್ನು ಮಾರುವಂತಿಲ್ಲ. ಇಷ್ಟೆಲ್ಲ ಆಗಿ ಕೈಗೆ ಬರುವ ವೀಸಾ ಐದೇ ವರ್ಷದ್ದು, ಆಮೇಲೆ ನವೀಕರಣಕ್ಕೆ ಮತ್ತೆ ಅರ್ಜಿ.

ದುಡ್ಡಿದ್ದರೂ ಅದು ಸುಮ್ಮನೆ ಗಡಿ ದಾಟುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದ್ದು 2,50,000 ಡಾಲರ್. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಇಂಥ ಠೇವಣಿ ಹಣದ ಮೇಲೆ ಬ್ಯಾಂಕು ಶೇ 20ರಷ್ಟು ಟಿ.ಸಿ.ಎಸ್. ಎಂದು ಮೊದಲೇ ತೆರಿಗೆ ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ಸೂ ಬರುತ್ತದೆ, ನಿಜ. ಅಲ್ಲಿಯವರೆಗೆ ಬಿಪಿ ಮಾತ್ರೆಗೆ ರಿಯಾಯಿತಿ ಇಲ್ಲ.

ಕಾಗದಪತ್ರದ ಕಥೆ ಇನ್ನೂ ಸ್ವಾರಸ್ಯ. ಹೆಂಡತಿ ಅವಲಂಬಿತೆ ಎನ್ನಬೇಕಾದರೆ ಆಕೆ ಹೆಂಡತಿ ಎಂಬುದಕ್ಕೆ ಮದುವೆ ಪ್ರಮಾಣಪತ್ರ ಬೇಕು, ಅದರ ಮೇಲೆ ಎಷ್ಟೋ ದೇಶಗಳಿಗೆ ವಿದೇಶಾಂಗ ಸಚಿವಾಲಯದ ದೃಢೀಕರಣ, ಅಂದರೆ ಅಪೊಸ್ಟಿಲ್, ಬೇಕು. ರಾಯರ ಹತ್ತಿರ ಇರುವುದು ಅರಿಸಿನ ಮಾಸಿದ ಲಗ್ನಪತ್ರಿಕೆ ಮತ್ತು ಮುಖಗಳು ಬೆಳ್ಳಗಾದ ಆಲ್ಬಮ್. ಹಾಗಾಗಿ ಮೊಮ್ಮಗಳ ನಾಮಕರಣವಾದ ಮೇಲೆ ಗಂಡ ಹೆಂಡತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಗಳ ಸಮೇತ ಸಾಲಿನಲ್ಲಿ ಕೂತರು. ಅಕ್ಕಪಕ್ಕ ಮನೆಬಿಟ್ಟು ಬಂದ ಪ್ರೇಮಿಗಳು. ಸಾಕ್ಷಿಯಾಗಿ ಹೋದವನು ನಾನೇ, ಆದ್ದರಿಂದ ಹೇಳುತ್ತೇನೆ: ರಾಯರು ಆವತ್ತು ಮೊದಲ ಮದುವೆಗಿಂತ ಹೆಚ್ಚು ನಾಚಿಕೊಂಡಿದ್ದರು.

ಈ ರಗಳೆಯೇ ಬೇಡ, ಮಗಳಿರುವ ಕೆನಡಾಕ್ಕೆ ಹೋಗೋಣ ಎಂದರೆ ಅಲ್ಲಿ ‘ಸೂಪರ್ ವೀಸಾ’ ಇದೆ. ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು, ಮಗಳ ವರಮಾನ ಅಲ್ಲಿನ ಸರಕಾರ ಹೇಳಿದ ಮಟ್ಟದಲ್ಲಿರಬೇಕು, ಖರ್ಚು ತನ್ನದೆಂದು ಆಕೆ ಬರೆದುಕೊಡಬೇಕು. ಅಲ್ಲಿ ರಾಯರು ಅವಲಂಬಿತರನ್ನು ಕರೆದೊಯ್ಯುವಂತೆಯೇ ಇಲ್ಲ. ಅವರೇ ಅವಲಂಬಿತರು! ರಾಯರು ಸುಮ್ಮನಾದರು.

ಹೊರಡುವ ಉತ್ಸಾಹ ಇರುವವರಿಗೆ ಒಂದೇ ಮಾತು. ಮಲೇಷ್ಯಾ 2021ರಲ್ಲಿ ತಿಂಗಳ ವರಮಾನದ ಷರತ್ತನ್ನು 40,000 ರಿಂಗಿಟ್‌ಗೆ ಏರಿಸಿ, 2024ರಲ್ಲಿ ಆ ಷರತ್ತನ್ನೇ ತೆಗೆದು ‘ಮನೆ ಕೊಳ್ಳಿ’ ಅಂದಿತು. ನಾನು ಮೇಲೆ ಹೇಳಿದ ಅಂಕಿಗಳೂ ನೀವು ಅರ್ಜಿ ಹಾಕುವ ಹೊತ್ತಿಗೆ ಬದಲಾಗಿರಬಹುದು. ಏಜೆಂಟರಿಗೆ ಮುಂಗಡ ಕೊಡುವ ಮೊದಲು ಆಯಾ ದೇಶದ ರಾಯಭಾರ ಕಚೇರಿ ಪ್ರಕಟಿಸಿರುವ ನಿಯಮವನ್ನು ನೀವೇ ಓದಿ, ಮನೆಯವರಿಗೂ ಓದಿ ಹೇಳಿ. ದರದ ಭಾಗವನ್ನು ಮಾತ್ರ ಸ್ವಲ್ಪ ಮೆಲ್ಲಗೆ.